ಆಂಟೆನಾ ಮೇಲೆ ಕೂತು ಹಾಡೋದು ಕೋಗಿಲೆ ಅಲ್ಲ, ಮಡಿವಾಳ: ಹಿಡಿದು ಪಂಜರಕ್ಕೆ ಹಾಕಿದರೆ ಕೇಸ್ ಗ್ಯಾರಂಟಿ

ಮೂಡಿಗೆರೆ: ಮಾರ್ಚ್‌ನಿಂದ ಮಳೆ ಹಿಡಿಯೋವರೆಗೂ ಪೇಟೆಯಲ್ಲಿ ಅಂಗಡಿ ಶಟರ್ ಎತ್ತೋಕೂ ಮುಂಚೆಯೇ ಒಂದು ಹಕ್ಕಿ ಕೆಲಸ ಶುರು ಮಾಡಿರುತ್ತದೆ. ಟಿವಿ ಆಂಟೆನಾ ಮೇಲೋ, ಕರೆಂಟ್ ಕಂಬದ ತುದಿಯಲ್ಲೋ ಕೂತು ಬಿಟ್ಟೂಬಿಡದೆ ಸಿಳ್ಳು ಹಾಕುತ್ತದೆ. ಈಗ ಹಾಡಿದ ರಾಗ ಮುಂದಿನ ಸಲಕ್ಕೆ ಸ್ವಲ್ಪ ತಿರುವು ತಗೊಂಡಿರುತ್ತದೆ. ಎಷ್ಟೋ ಜನ ಇದನ್ನು ಕೋಗಿಲೆ ಅಂದುಕೊಂಡಿದ್ದಾರೆ. ಅದು ಮಡಿವಾಳ ಹಕ್ಕಿ.

ಗುರುತಿಸೋದು ಸುಲಭ. ಗಂಡಿಗೆ ತಲೆ, ಎದೆ, ಬೆನ್ನು ಮಿರುಗುವ ಕಪ್ಪು. ಹೊಟ್ಟೆ ಬಿಳಿ, ರೆಕ್ಕೆ ಮೇಲೆ ಉದ್ದಕ್ಕೆ ಒಂದು ಬಿಳಿ ಪಟ್ಟಿ. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು ಬಣ್ಣ. ಗಾತ್ರ ಹೆಚ್ಚುಕಮ್ಮಿ ಪಿಕಳಾರದಷ್ಟು. ಬಾಲವನ್ನು ಆಗಾಗ ನೆಟ್ಟಗೆ ಮೇಲಕ್ಕೆತ್ತುವುದು ಇದರ ಅಭ್ಯಾಸ. ಕಪ್ಪು ಬಣ್ಣ ನೋಡಿ ಕಾಜಾಣ ಅನ್ನೋರೂ ಇದ್ದಾರೆ. ಕಾಜಾಣ ಪೂರ್ತಿ ಕಪ್ಪು, ಬಾಲದ ತುದಿ ಕವಲೊಡೆದಿರುತ್ತದೆ. ನೆರೆಯ ಬಾಂಗ್ಲಾದೇಶಕ್ಕೆ ಇದೇ ಮಡಿವಾಳ ರಾಷ್ಟ್ರಪಕ್ಷಿ. ಅಲ್ಲಿ ಇದಕ್ಕೆ ದೊಯೆಲ್ ಅನ್ನುತ್ತಾರೆ.

ಅದು ಖುಷಿಗೆ ಹಾಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆ ಹಾಡಿನಲ್ಲಿ ಇರೋದು ಎರಡೇ ಮಾತು. ಬೇರೆ ಗಂಡುಗಳಿಗೆ "ಇದು ನನ್ನ ಜಾಗ, ಈ ಕಡೆ ಬರಬೇಡ", ಹೆಣ್ಣಿಗೆ "ನಾನಿಲ್ಲಿದ್ದೀನಿ, ಬಾ". ಒಂದು ಥರ ಅಂಗಡಿ ಬೋರ್ಡ್ ಇದ್ದ ಹಾಗೆ. ಮರಿ ಮಾಡೋ ಕಾಲ ಮುಗಿದ ಮೇಲೆ ಇದೇ ಹಕ್ಕಿ ಚರ್ರ್ ಅಂತ ಒಣ ದನಿ ಮಾಡಿಕೊಂಡು ಪೊದೆ ಸಂದಿಯಲ್ಲಿ ಹುಳ ಹೆಕ್ಕುತ್ತಿರುತ್ತದೆ, ಯಾರ ಕಣ್ಣಿಗೂ ಬೀಳಲ್ಲ. ಬೆಳಗಿನ ಜಾವವೇ ಹೆಚ್ಚು ಹಾಡೋದಕ್ಕೂ ಲೆಕ್ಕಾಚಾರ ಇದೆ. ಆಗ ಹುಳ ಹುಡುಕೋಕೆ ಬೆಳಕು ಸಾಲದು. ಗಾಳಿ, ಗಾಡಿ ಸದ್ದು ಕಡಿಮೆ ಇರೋದರಿಂದ ದನಿ ಮಾತ್ರ ದೂರದವರೆಗೆ ಹೋಗುತ್ತದೆ.

ಕಾಗೆ ಹಾಡುಹಕ್ಕಿ, ಕೋಗಿಲೆ ಅಲ್ಲ!

ಜಗತ್ತಿನಲ್ಲಿ ಸುಮಾರು 11 ಸಾವಿರ ಜಾತಿ ಹಕ್ಕಿಗಳಿವೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಿಜ್ಞಾನಿಗಳ ಲೆಕ್ಕದಲ್ಲಿ ಹಾಡುಹಕ್ಕಿಗಳು. ತಮಾಷೆ ಅಂದರೆ ಈ ಪಟ್ಟಿಯಲ್ಲಿ ಕಾಗೆ ಇದೆ, ಕೋಗಿಲೆ ಇಲ್ಲ. ದನಿ ಇಂಪಾಗಿದೆಯೋ ಕರ್ಕಶವೋ ಅನ್ನೋದು ಇಲ್ಲಿ ಮುಖ್ಯ ಅಲ್ಲ. ನೋಡೋದು ಗಂಟಲಿನ ರಚನೆ ಮತ್ತು ಹಕ್ಕಿಯ ವಂಶ.

ನಮ್ಮ ಧ್ವನಿಪೆಟ್ಟಿಗೆ ಕುತ್ತಿಗೆಯ ಮೇಲ್ಭಾಗದಲ್ಲಿದೆ. ಹಕ್ಕಿಗಳದು ಕೆಳಗೆ, ಶ್ವಾಸನಾಳ ಎರಡು ಕವಲಾಗಿ ಶ್ವಾಸಕೋಶಕ್ಕೆ ಹೋಗುವ ಜಾಗದಲ್ಲಿ. ಹಾಡುಹಕ್ಕಿಗಳು ಎಡಗವಲಿನಿಂದ ಒಂದು ಸ್ವರ, ಬಲಗವಲಿನಿಂದ ಇನ್ನೊಂದು ಸ್ವರ ಹೊರಡಿಸಬಲ್ಲವು. ಒಂದೇ ಹಕ್ಕಿ ಹಾಡಿದರೂ ಇಬ್ಬರು ಹಾಡಿದ ಹಾಗೆ ಕೇಳೋದು ಅದಕ್ಕೇ.

ಇನ್ನೊಂದು ವ್ಯತ್ಯಾಸ ಕಲಿಕೆಯದು. ಹಾಡುಹಕ್ಕಿ ಮರಿ ದೊಡ್ಡವುಗಳ ಹಾಡು ಕೇಳಿಸಿಕೊಂಡು, ಮೊದಲು ತೊದಲಿ, ತಪ್ಪು ಹಾಡಿ, ಆಮೇಲೆ ಸರಿ ಮಾಡಿಕೊಳ್ಳುತ್ತದೆ. ನಮ್ಮ ಮಕ್ಕಳು ಮಾತು ಕಲಿತ ಹಾಗೇ. ಕೋಗಿಲೆ ಕಥೆ ಬೇರೆ. ಅದು ಕಾಗೆ ಗೂಡಲ್ಲಿ ಮೊಟ್ಟೆ ಇಡೋದು ಎಲ್ಲರಿಗೂ ಗೊತ್ತು. ಮರಿ ಕಾಗೆ ಗುಟುಕು ತಿಂದು, ಕಾಗೆ ಕೂಗು ಕೇಳಿಕೊಂಡೇ ಬೆಳೆಯುತ್ತದೆ. ಆದರೂ ದೊಡ್ಡದಾದ ಮೇಲೆ ಕುಹೂ ಅನ್ನುತ್ತದೆಯೇ ಹೊರತು ಕಾ ಕಾ ಅನ್ನಲ್ಲ. ಅದರ ಕೂಗು ಹುಟ್ಟಿನಿಂದಲೇ ಬಂದದ್ದು, ಯಾರೂ ಕಲಿಸಬೇಕಿಲ್ಲ. ಅಂದ ಹಾಗೆ ಕುಹೂ ಅನ್ನೋದು ಕರಿ ಬಣ್ಣದ, ಕೆಂಪು ಕಣ್ಣಿನ ಗಂಡು. ಹೆಣ್ಣಿಗೆ ಕಂದು ಮೈ ಮೇಲೆ ಬಿಳಿ ಚುಕ್ಕೆ, ಅದರ ಕೂಗು ಕಿಕ್ ಕಿಕ್ ಅಂತ ಅಷ್ಟೇ. ಸಿನಿಮಾ ಹಾಡಿನವರು ಇದನ್ನು ಉಲ್ಟಾ ಮಾಡಿಟ್ಟಿದ್ದಾರೆ.

ಮಳೆಗಾಲದ ಗಾಯಕ

ಜೂನ್ ಬಂತು ಅಂದರೆ ಮಡಿವಾಳ ಮೆಲ್ಲಗೆ ಹಿಂದೆ ಸರಿಯುತ್ತದೆ, ಸಿಳ್ಳಾರ ಮುಂದೆ ಬರುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಝರಿ ಹತ್ತಿರ ಗಾಡಿ ನಿಲ್ಲಿಸಿದರೆ ಯಾರೋ ಹುಡುಗ ಕೆಲಸವಿಲ್ಲದೆ ಸಿಳ್ಳು ಹಾಕಿಕೊಂಡು ಹೋಗುತ್ತಿದ್ದಾನೆ ಅನ್ನಿಸುತ್ತದೆ. ಸುತ್ತ ನೋಡಿದರೆ ಯಾರೂ ಇರಲ್ಲ. ಬ್ರಿಟಿಷರು ಇದಕ್ಕೆ ಸಿಳ್ಳು ಹಾಕುವ ಶಾಲೆ ಹುಡುಗ ಅಂತಲೇ ಅಡ್ಡಹೆಸರು ಇಟ್ಟಿದ್ದರು. ಕಡುನೀಲಿ ಹಕ್ಕಿ, ಹಣೆ ಮತ್ತು ಭುಜದ ಮೇಲೆ ಹೊಳೆಯುವ ನೀಲಿ. ಮಬ್ಬು ಬೆಳಕಲ್ಲಿ ಕಪ್ಪಾಗೇ ಕಾಣುತ್ತದೆ. ಹರಿಯುವ ನೀರಿನ ಪಕ್ಕದ ಬಂಡೆ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಹಳ್ಳ ಬತ್ತಿದರೆ, ದಡದ ಮರ ಹೋದರೆ ಅದಕ್ಕೆ ಅಲ್ಲಿ ಬಾಳ್ವೆ ಇಲ್ಲ.

ಕಾಫಿ ತೋಟದಲ್ಲಿ ಕೆಲಸ ಮಾಡುವವರಿಗೆ ಭೀಮರಾಜ ಹೆಚ್ಚು ಪರಿಚಯ. ಬಾಲದಿಂದ ಎರಡು ತಂತಿ, ತಂತಿ ತುದಿಗೊಂದೊಂದು ಗರಿ. ಇದು ಮಹಾ ಮಿಮಿಕ್ರಿಗಾರ. ಹದ್ದಿನ ಕೂಗನ್ನೂ ಅನುಕರಿಸುತ್ತದೆ, ಬೇರೆ ಹಕ್ಕಿಗಳ ಗಾಬರಿ ಕೂಗನ್ನೂ ಅನುಕರಿಸುತ್ತದೆ. ಪಿಕಳಾರ, ಸೂರಕ್ಕಿ, ಟುವ್ವಿಗಳು ಮನೆ ಹಿತ್ತಲಲ್ಲೇ ಸಿಗುತ್ತವೆ. ಮೂಡಿಗೆರೆಯಲ್ಲೇ ಇದ್ದು ಬರೆದ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕದಲ್ಲಿ ನಮ್ಮ ಕಡೆಯ ಹಕ್ಕಿಗಳ ವಿವರ ಇದೆ. ಮೊಬೈಲ್ ಇರೋರು ಮರ್ಲಿನ್ ಅನ್ನೋ ಆ್ಯಪ್ ಹಾಕಿಕೊಳ್ಳಬಹುದು. ದುಡ್ಡು ಕೊಡಬೇಕಿಲ್ಲ. ಹಾಡು ಕೇಳಿಸಿದರೆ ಹಕ್ಕಿ ಹೆಸರು ತೋರಿಸುತ್ತದೆ, ಆಗಾಗ ತಪ್ಪೂ ಹೇಳುತ್ತದೆ. ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡರೆ ಒಳ್ಳೇದು.

ಪಂಜರದ ವಿಷಯ

ಇಷ್ಟು ಚೆನ್ನಾಗಿ ಹಾಡೋದೇ ಈ ಹಕ್ಕಿಗಳಿಗೆ ಮುಳುವು. ಸಿಂಗಾಪುರದಲ್ಲಿ ಒಂದು ಕಾಲಕ್ಕೆ ಎಲ್ಲೆಂದರಲ್ಲಿ ಇದ್ದ ಮಡಿವಾಳ 1970ರ ದಶಕದ ಹೊತ್ತಿಗೆ ಅಪರೂಪವಾಯ್ತು. ಪಂಜರಕ್ಕೆ ಅಂತ ಹಿಡಿದದ್ದು ಅದಕ್ಕೊಂದು ದೊಡ್ಡ ಕಾರಣ.

ನಮ್ಮಲ್ಲಿ ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮಡಿವಾಳ, ಪಿಕಳಾರ, ಮೈನಾ, ರಾಟವಾಳ, ಗಿಳಿ ಯಾವುದನ್ನೂ ಹಿಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ, ಸಾಕೋ ಹಾಗಿಲ್ಲ. ಅಂಗಡಿ ಮುಂದೆ ಚೆಂದಕ್ಕೆ ನೇತುಹಾಕಿದ ಗಿಳಿ ಪಂಜರಕ್ಕೂ, ಜಾತ್ರೆಯ ಗಿಣಿಶಾಸ್ತ್ರದವರ ಗಿಳಿಗೂ ಇದೇ ಕಾನೂನು. ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ದಂಡ ಮೊದಲು 25 ಸಾವಿರದವರೆಗೆ ಇತ್ತು. 2022ರ ತಿದ್ದುಪಡಿಯಲ್ಲಿ ಏರಿಸಿದ್ದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಡುಮೈನಾದಂಥ ಹೆಚ್ಚು ರಕ್ಷಣೆ ಇರುವ ಹಕ್ಕಿಗಳಾದರೆ ಶಿಕ್ಷೆ ಇನ್ನೂ ಜಾಸ್ತಿ. ಪೆಟ್ ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಮಾರುವ ಬಣ್ಣದ ಪುಟ್ಟ ಗಿಳಿಗಳು ಆಸ್ಟ್ರೇಲಿಯಾ ಮೂಲದವು, ಅವುಗಳ ಮಾತು ಬೇರೆ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಅಂದರೆ, ಈ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದ ಅರ್ಥದೊಳಗೆ ಹಕ್ಕಿಯ ಗೂಡು, ಮೊಟ್ಟೆ ಕದಲಿಸೋದೂ ಸೇರುತ್ತದೆ. ಮಡಿವಾಳ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಹಳೇ ಮರ ಕಡಿಮೆಯಾದ ಕಡೆ ಗೋಡೆ ತೂತು, ಪೈಪ್, ಶಟರ್ ಪೆಟ್ಟಿಗೆ ಯಾವುದಾದರೂ ಸರಿ. ಏಪ್ರಿಲ್, ಮೇನಲ್ಲಿ ಬೋರ್ಡ್ ಬದಲಿಸೋರು, ಸುಣ್ಣಬಣ್ಣ ಮಾಡಿಸೋರು ಒಮ್ಮೆ ಇಣುಕಿ ನೋಡಿ. ಮೊಟ್ಟೆ ಇಟ್ಟಾಗಿನಿಂದ ಮರಿ ಹಾರೋವರೆಗೆ ಸುಮಾರು ಒಂದು ತಿಂಗಳು. ಅಷ್ಟು ದಿನ ಆ ಮೂಲೆ ಬಿಟ್ಟರೆ ಸಾಕು.

ಮರಿ ಕೆಳಗೆ ಬಿದ್ದಿದ್ದರೆ ಮೈಮೇಲೆ ಪುಕ್ಕ ಇದೆಯಾ ನೋಡಬೇಕು. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರೋದು ಕಲೀತಿದೆ, ಅಪ್ಪ ಅಮ್ಮ ಅಲ್ಲೇ ಎಲ್ಲೋ ಇರುತ್ತವೆ. ಬೆಕ್ಕು, ನಾಯಿ ಓಡಿಸಿ ದೂರ ನಿಂತರಾಯ್ತು. ಪುಕ್ಕ ಇನ್ನೂ ಬರದ ಮರಿಯನ್ನು ಗೂಡಿಗೇ ವಾಪಸ್ ಇಡಬಹುದು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನೋದು ಸುಳ್ಳು. ಪೆಟ್ಟಾದ ಹಕ್ಕಿಯನ್ನು ಮನೆಗೆ ತಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ ನಂಬರ್ 1926. ಸಂತೆಯಲ್ಲಿ ಯಾರಾದರೂ ಹಕ್ಕಿ ಹಿಡಿದು ಮಾರುತ್ತಿದ್ದರೂ ಇದಕ್ಕೇ ಕರೆ ಮಾಡಬಹುದು.