ನೆಲ ಬಿಟ್ಟು ನಿಂತ ಮನೆ: ಫ್ಲ್ಯಾಟಿನ ಒಡೆತನದ ಇತಿಹಾಸ

ಮನೆಯೆಂದರೆ ಮೊದಲು ನೆಲ, ಆಮೇಲೆ ಗೋಡೆ. ಇದು ನಮ್ಮ ಹಿರಿಯರ ತಿಳಿವಳಿಕೆ. ಗಡಹಿಂಗ್ಲಜ ಸೀಮೆಯ ಒಕ್ಕಲಿಗನನ್ನು ಅವನ ಆಸ್ತಿ ಏನೆಂದು ಕೇಳಿದರೆ ಅವನು ಸಾತಬಾರಾ ಉತಾರೆಯನ್ನು ತಂದು ತೋರಿಸುವನು. ಅದರಲ್ಲಿ ಗಟ್ ನಂಬರು, ಕ್ಷೇತ್ರ, ಅವನ ಹೆಸರು, ಎಲ್ಲವೂ ಇರುತ್ತವೆ. ಅದೇ ಒಕ್ಕಲಿಗನ ಮಗನು ನೌಕರಿ ಹಿಡಿದು, ಇಪ್ಪತ್ತು ವರ್ಷದ ಸಾಲ ಮಾಡಿ, ಕೊಲ್ಲಾಪುರದ ನಡುಪೇಟೆಯಲ್ಲಿ ಏಳನೆಯ ಅಂತಸ್ತಿನ ಒಂದು ಫ್ಲ್ಯಾಟನ್ನು ಕೊಂಡನೆನ್ನೋಣ. ಅವನ ನೆಲವೆಂದರೆ ಕೆಳಗಿನ ಮನೆಯವರ ಸೂರು. ಅವನ ಸೂರೆಂದರೆ ಮೇಲಿನವರ ನೆಲ. ಹಾಗಾದರೆ ಅವನು ಕೊಂಡದ್ದು ಏನು? ಈ ಪ್ರಶ್ನೆಯು ಮೇಲುನೋಟಕ್ಕೆ ವಿನೋದದಂತೆ ಕಂಡರೂ ಇದಕ್ಕೆ ಉತ್ತರ ಹುಡುಕುವದರಲ್ಲಿ ಮನುಷ್ಯರು ಬಹುಕಾಲ ಕಳೆದಿದ್ದಾರೆ. ಆ ಉತ್ತರದ ಒಂದು ಮುಖ್ಯ ಭಾಗವನ್ನು ಬರೆದವರಲ್ಲಿ ನಮ್ಮ ಕನ್ನಡ ಜಿಲ್ಲೆಯವರೂ ಇದ್ದರೆಂಬುದು ನಮಗೆ ತಿಳಿದಿರಬೇಕಾದ ಸಂಗತಿ.

ಮನೆಯನ್ನು ಅಳತೆಮಾಡಿ ಕೊಡುವ ಪದ್ಧತಿ ಈ ಊರಿಗೆ ಹೊಸದಲ್ಲ. ಶಿಲಾಹಾರ ಅರಸನಾದ ವಿಜಯಾದಿತ್ಯನು ಶಕ 1065ರಲ್ಲಿ, ಅಂದರೆ ಕ್ರಿ. ಶ. 1143ರಲ್ಲಿ, ಒಂದು ಜಿನಾಲಯಕ್ಕೆ ದಾನವನ್ನು ಕೊಟ್ಟನು. ಕೊಲ್ಲಾಪುರದಲ್ಲಿ ದೊರೆತ ಆ ಶಾಸನದ ಭಾಷೆ ಸಂಸ್ಕೃತ. ಆದರೆ ದಾನದ ಊರಿನ ಹೆಸರು ಹಾವಿನ ಹೇರಿಲಗೆ, ಹೊಲವನ್ನು ಅಳೆದದ್ದು ಕುಂಡಿ ನಾಡಿನ ಕೋಲಿನಿಂದ. ಹೊಲದ ಜೊತೆಗೆ ಕೊಟ್ಟ ವಾಸದ ಮನೆಯ ಅಳತೆ ಹನ್ನೆರಡು ಮೊಳ. ಕೊಟ್ಟವನಾರು, ಪಡೆದವರಾರು, ಯಾವ ಊರಲ್ಲಿ, ಎಷ್ಟು ಮೊಳ, ಈ ನಾಲ್ಕೂ ಕಲ್ಲಿನ ಮೇಲೆ ಬಂದ ಕಾರಣ ಒಡೆತನವು ಗಟ್ಟಿಯಾಯಿತು. ಇಂದಿನ ಖರೀದಿಪತ್ರವೂ ಈ ನಾಲ್ಕನ್ನೇ ಹೇಳತಕ್ಕದ್ದು.

ಆ ಕಾಲದಿಂದ ಮೊನ್ನೆಮೊನ್ನೆಯವರೆಗೆ ಕೊಲ್ಲಾಪುರವು ಮುಗಿಲ ಕಡೆಗೆ ಬೆಳೆಯದೆ ನೆಲದ ಮೇಲೆಯೇ ಹರಡುತ್ತ ಬಂದಿತು. ಮಹಾಲಕ್ಷ್ಮಿಯ ಗುಡಿಯ ಸುತ್ತ ಪೇಠಗಳು. ಪೇಠಗಳಲ್ಲಿ ಕಲ್ಲು, ಮಣ್ಣು, ತೇಗದ ಕಂಬಗಳ ವಾಡೆಗಳು. ಶಾಹೂ ಮಹಾರಾಜರು 1894ರಲ್ಲಿ ಆಡಳಿತ ವಹಿಸಿಕೊಂಡ ಮರುವರ್ಷವೇ ವ್ಯಾಪಾರಕ್ಕೆಂದು ಶಾಹುಪುರಿಯು ಹುಟ್ಟಿತು. 1922ರಿಂದ 1940ರವರೆಗೆ ಆಳಿದ ರಾಜಾರಾಮ ಮಹಾರಾಜರ ಕಾಲದಲ್ಲಿ ರಾಜಾರಾಮಪುರಿಯು ಎದ್ದಿತು. ಅಲ್ಲಿಯ ಗಲ್ಲಿಗಳಿಗೆ ಅಂಕಿಯೇ ಹೆಸರು. ಊರು ಇಕ್ಕಟ್ಟಾದಾಗ ಹೊಸ ನೆಲಕ್ಕೆ ಹೋಗುವದು ಅಂದಿನ ಉಪಾಯವಾಗಿತ್ತು. ನಡುಪೇಟೆಯ ನೆಲ ತೀರಿ, ಬೆಲೆ ಕೈಗೆಟುಕದಂತಾದ ಮೇಲೆ ವಾಡೆಗಳೂ ಬಂಗಲೆಗಳೂ ಒಂದೊಂದಾಗಿ ಕೆಡವಲ್ಪಟ್ಟು ಅವುಗಳ ಸ್ಥಾನದಲ್ಲಿ ಎತ್ತರದ ಕಟ್ಟಡಗಳು ನಿಂತವು.

ಎತ್ತರಕ್ಕೆ ಕಟ್ಟುವ ಕಲೆ ಹಳೆಯದೇ. ಸುಮಾರು 1900 ವರ್ಷಗಳ ಹಿಂದೆ ರೋಮ್ ನಗರದಲ್ಲಿಯೂ ಅದರ ರೇವುಪಟ್ಟಣವಾದ ಓಸ್ತಿಯಾದಲ್ಲಿಯೂ ಬಡವರು ನಾಲ್ಕೈದು ಅಂತಸ್ತಿನ ಮನೆಗಳಲ್ಲಿ ಬಾಡಿಗೆಗೆ ಇದ್ದರು. ಇಂಥ ಕಟ್ಟಡಗಳು ಕುಸಿದು ಬೀಳುತ್ತಿದ್ದುದರಿಂದ ಅಗಸ್ಟಸ್ ಚಕ್ರವರ್ತಿಯು 70 ಅಡಿಯ ಮಿತಿಯನ್ನು ಹಾಕಿದ್ದನು. ಆದರೆ ನೆಲದ ಮೇಲೆ ಕಟ್ಟಿದ್ದೆಲ್ಲ ನೆಲದೊಡೆಯನಿಗೇ ಸೇರತಕ್ಕದ್ದೆಂಬುದು ರೋಮನ್ನರ ನ್ಯಾಯ. ಮೇಲಂತಸ್ತಿನಲ್ಲಿ ಇರುವವನು ಎಂದಿಗೂ ಬಾಡಿಗೆದಾರನೇ. ಒಂದೇ ಮನೆಯ ಬೇರೆ ಬೇರೆ ಅಂತಸ್ತುಗಳಿಗೆ ಬೇರೆ ಬೇರೆ ಒಡೆಯರಿರಬಹುದೆಂದು ಸ್ಪಷ್ಟವಾಗಿ ಬರೆದದ್ದು ಫ್ರಾನ್ಸ್ ದೇಶದ 1804ರ ಸಂಹಿತೆ. ಮುಂದೆ ಅಮೇರಿಕೆಯಲ್ಲಿ ಓಟಿಸ್ ಎಂಬವನು ಹಗ್ಗ ಹರಿದರೂ ಬೀಳದ ಲಿಫ್ಟನ್ನು ಮಾಡಿದನು. 1885ರಲ್ಲಿ ಶಿಕಾಗೋದಲ್ಲಿ ಲೋಹದ ಹಂದರದ ಹತ್ತು ಅಂತಸ್ತಿನ ಕಟ್ಟಡವು ಮುಗಿಯಿತು. ಅದುವರೆಗೆ ಮೆಟ್ಟಿಲು ಹತ್ತಲಾರದೆ ಬಡವರಿಗೆ ಬಿಟ್ಟ ಮೇಲಂತಸ್ತು ಅಂದಿನಿಂದ ಶ್ರೀಮಂತರಿಗೆ ಪ್ರಿಯವಾಯಿತು. ಹೀಗೆ ಎತ್ತರದ ತೊಡಕು ಯಂತ್ರದಿಂದ ಬಗೆಹರಿಯಿತು. ಒಡೆತನದ ತೊಡಕು ಮಾತ್ರ ಯಂತ್ರದಿಂದ ಬಗೆಹರಿಯುವಂಥದಾಗಿರಲಿಲ್ಲ.

ನಮ್ಮ ದೇಶದಲ್ಲಿ ಅದಕ್ಕೆ ದಾರಿ ತೋರಿಸಿದ್ದು ಸಹಕಾರ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದಿತು. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದ್ದು ಕನ್ನಡಿಗರೆಲ್ಲರಿಗೆ ಗೊತ್ತಿರುವ ವಿಷಯ. ಆ ಕಾಯದೆಯು ಸಾಲ ಕೊಡುವ ಸಂಘಗಳಿಗೆ ಮಾತ್ರ ಮೀಸಲಾಗಿತ್ತು. 1912ರ ಹೊಸ ಕಾಯದೆಯು ಇತರ ಉದ್ದೇಶಗಳಿಗೂ ಬಾಗಿಲು ತೆರೆಯಿತು. ಆಗ ಮುಂಬಯಿಯಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳಿಂದ ಹೋಗಿ ಕಾರಕೂನಿಕೆ ಮಾಡಿಕೊಂಡಿದ್ದ ಚಿತ್ರಾಪುರ ಸಾರಸ್ವತ ಕುಟುಂಬಗಳು ಅನೇಕ ಇದ್ದವು. ಅವರ ಮುಖಂಡರಾದ ಶ್ರೀಪಾದ ಸುಬ್ಬರಾವ ತಲಮಕಿಯವರು 1906ರಲ್ಲಿ ತಮ್ಮ ಗುರುಗಳಾದ ಶಾಮರಾವ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದ್ದರು. ಅವರದೇ ಮುಂದಾಳುತನದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ನೋಂದಣಿಯಾಯಿತು.

ಆ ಸಂಘದ ಯುಕ್ತಿಯು ಸರಳವಾಗಿತ್ತು. ಒಬ್ಬ ಕಾರಕೂನನಿಗೆ ಮುಂಬಯಿಯ ನೆಲವನ್ನು ಹಿಡಿಯುವ ಶಕ್ತಿಯಿಲ್ಲ. ಹಲವರು ಕೂಡಿದರೆ ಇದೆ. ಕಟ್ಟಡವು ಸಂಘದ ಹೆಸರಿನಲ್ಲಿ. ಸಂಘವು ಸದಸ್ಯರ ಕೈಯಲ್ಲಿ. ಸದಸ್ಯನು ಶೇರು ಕೊಂಡು ತಿಂಗಳು ತಿಂಗಳು ಸಂಘಕ್ಕೆ ಹಣ ಕಟ್ಟುವನು. ಅವನು ಬಾಡಿಗೆದಾರನೂ ಹೌದು, ಮಾಲಿಕರಲ್ಲಿ ಒಬ್ಬನೂ ಹೌದು. ರೋಮನ್ನರ ಕಾಲದಿಂದ ಬಿಡಿಸಲಾಗದಿದ್ದ ಗಂಟನ್ನು ಸಾಧಾರಣ ಸಂಬಳದ ಜನರು ನಂಬಿಕೆಯಿಂದಲೂ ಲೆಕ್ಕದ ಪುಸ್ತಕದಿಂದಲೂ ಬಿಡಿಸಿದರು.

ಮುಂದಿನ ತಿರುವು ಬಂದದ್ದು 1947ರಲ್ಲಿ. ಆ ವರ್ಷದ ಮುಂಬಯಿ ಬಾಡಿಗೆ ನಿಯಂತ್ರಣ ಕಾಯದೆಯು ಆಗಲೇ ಬಾಡಿಗೆಗಿದ್ದ ಮನೆಗಳಿಗೆ 1940ರ ಸಪ್ಟೆಂಬರ 1ರ ಬಾಡಿಗೆಯನ್ನೇ ಪ್ರಮಾಣವಾಗಿ ಹಿಡಿಯಿತು. ಬಾಡಿಗೆದಾರನನ್ನು ಬಿಡಿಸುವದಕ್ಕೂ ಕಟ್ಟುನಿಟ್ಟಾದ ನಿಯಮಗಳನ್ನು ಹಾಕಿತು. ಇದರಿಂದ ಬಡವರಿಗೆ ರಕ್ಷಣೆ ದೊರೆತದ್ದು ನಿಜ. ಆದರೆ ಬಾಡಿಗೆಗಾಗಿ ಮನೆ ಕಟ್ಟುವ ಉತ್ಸಾಹ ಇಳಿಯಿತು. ಕಟ್ಟಿ ಬಾಡಿಗೆಗೆ ಕೊಡುವ ಬದಲು ಕಟ್ಟಿ ಮಾರುವದು ಲಾಭಕರವೆಂದು ಬಿಲ್ಡರರು ಕಂಡುಕೊಂಡರು. ಸಹಕಾರದಲ್ಲಿ ಮೊದಲು ಜನ ಕೂಡಿ ಆಮೇಲೆ ಕಟ್ಟಡವಾಗುತ್ತಿತ್ತು. ಈಗ ಮೊದಲು ಕಟ್ಟಡ, ಆಮೇಲೆ ಜನ. ಒಬ್ಬರನ್ನೊಬ್ಬರು ಅರಿಯದವರು ಒಂದೇ ಮೆಟ್ಟಿಲ ಪಾಲುಗಾರರಾದರು. ಮುಂಗಡ ತೆಗೆದುಕೊಂಡು ಕಾಲಕ್ಕೆ ಮನೆ ಕೊಡದಿರುವದು, ನಕಾಶೆಯನ್ನು ಬದಲಿಸುವದು, ನೆಲದ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳುವದು ಮೊದಲಾದ ಅಕ್ರಮಗಳು ಹೆಚ್ಚಿದವು. ಅದಕ್ಕಾಗಿ 1963ರಲ್ಲಿ ಮಹಾರಾಷ್ಟ್ರ ಸರಕಾರವು ಫ್ಲ್ಯಾಟುಗಳ ಮಾಲಿಕತ್ವದ ಕಾಯದೆಯನ್ನು ಮಾಡಿತು. ಬರೆಹದ ಕರಾರಿಲ್ಲದೆ ಹಣ ತೆಗೆದುಕೊಳ್ಳಕೂಡದು, ಕರಾರು ನೋಂದಣಿಯಾಗಬೇಕು, ಕೊಂಡವರ ಸಂಘವನ್ನು ರಚಿಸಬೇಕು, ಕೊನೆಗೆ ನೆಲವನ್ನು ಆ ಸಂಘದ ಹೆಸರಿಗೆ ಮಾಡಿಕೊಡಬೇಕು. ಇವು ಅದರ ಸಾರ. ಕೊಲ್ಲಾಪುರ ಸಂಸ್ಥಾನವು 1949ರ ಮಾರ್ಚ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದರಿಂದ ಈ ಕಾಯದೆಗಳ ಧಾರೆಯಲ್ಲಿ ನಮ್ಮ ಸೀಮೆಯೂ ಸೇರಿತು.

1970ರಲ್ಲಿ ಇನ್ನೊಂದು ಕಾಯದೆ ಬಂದು ಎರಡನೆಯ ದಾರಿಯನ್ನು ತೆರೆಯಿತು. ಸಂಘದ ಪದ್ಧತಿಯಲ್ಲಿ ನೆಲ ಮತ್ತು ಕಟ್ಟಡ ಸಂಘದವು. ಸದಸ್ಯನ ಕೈಯಲ್ಲಿ ಶೇರು ಪತ್ರ ಮತ್ತು ವಾಸದ ಹಕ್ಕು. ಅಪಾರ್ಟಮೆಂಟ್ ಪದ್ಧತಿಯಲ್ಲಿ ಒಬ್ಬೊಬ್ಬನೂ ತನ್ನ ಮನೆಗೆ ಪೂರ್ಣ ಒಡೆಯ. ಜೊತೆಗೆ ಇಡೀ ನೆಲದಲ್ಲಿ ಅವನಿಗೆ ಒಡೆಯಲಾಗದ ಒಂದು ಪಾಲು, ಅದರ ಪ್ರಮಾಣವು ಘೋಷಣಾಪತ್ರದಲ್ಲಿ ನಮೂದು. ಗಡಿಯಾಚೆ ಬೆಳಗಾವಿಯಲ್ಲಿ ಕೊಳ್ಳುವವರಿಗೆ ಇದೇ ಬಗೆಯ 1972ರ ಕರ್ನಾಟಕ ಕಾಯದೆಗಳಿವೆ.

ಕಾಯದೆ ಇದ್ದರೂ ಅನೇಕ ಕಟ್ಟಡಗಳ ನೆಲವು ಸಂಘಗಳಿಗೆ ಬರಲೇ ಇಲ್ಲ. ಮನೆ ತುಂಬಿದವು, ಮಕ್ಕಳು ದೊಡ್ಡವರಾದರು, ಸರಕಾರಿ ದಫ್ತರದಲ್ಲಿ ಮಾತ್ರ ಹಳೆಯ ಮಾಲಿಕನ ಹೆಸರೇ ಉಳಿಯಿತು. ಇದರ ಕೆಡಕು ಮೊದಲು ಕಾಣುವದಿಲ್ಲ. ಕಟ್ಟಡಕ್ಕೆ ಆಯುಷ್ಯವುಂಟು, ನೆಲಕ್ಕಿಲ್ಲ. ನಾಲ್ವತ್ತು ವರ್ಷಗಳ ತರುವಾಯ ಕಂಬಗಳು ಸಡಿಲಾಗಿ ಹೊಸದಾಗಿ ಕಟ್ಟುವ ಪ್ರಸಂಗ ಬಂದಾಗ ನೆಲ ಯಾರದೆಂಬ ಪ್ರಶ್ನೆ ಏಳುತ್ತದೆ. ಅಷ್ಟುಹೊತ್ತಿಗೆ ಕೊಂಡವನು ಮುದುಕನಾಗಿರುವನು, ಮಾರಿದವನು ಇರಲಿಕ್ಕೂ ಇಲ್ಲ. ಈ ಅನ್ಯಾಯವನ್ನು ತಡೆಯಲು 2008ರಲ್ಲಿ ಕಾಯದೆಯನ್ನು ತಿದ್ದಿ, ಬಿಲ್ಡರನು ನೆಲವನ್ನು ಮಾಡಿಕೊಡದಿದ್ದರೆ ಸಂಘವು ಅಧಿಕಾರಿಗೆ ಅರ್ಜಿ ಕೊಟ್ಟು ಪಡೆಯುವಂತೆ ಮಾಡಲಾಯಿತು. 2016ರ ಕೇಂದ್ರ ಕಾಯದೆಯು, ಅಂದರೆ ಜನರು ‘ರೇರಾ’ ಎನ್ನುವದು, ಮತ್ತಷ್ಟು ಬಿಗಿ ಮಾಡಿತು. ಕರಾರು ನೋಂದಣಿಯಾಗುವ ಮುನ್ನ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದು. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70ರಷ್ಟು ಬೇರೆ ಖಾತೆಯಲ್ಲಿದ್ದು ಅದೇ ಕಟ್ಟಡದ ನೆಲಕ್ಕೂ ಕೆಲಸಕ್ಕೂ ವೆಚ್ಚವಾಗಬೇಕು. ಕಟ್ಟೋಣದ ದೋಷಗಳಿಗೆ 5 ವರ್ಷ ಬಿಲ್ಡರನೇ ಹೊಣೆ.

ಇನ್ನು ನಮ್ಮ ಮೂರು ಊರುಗಳತ್ತ ನೋಡೋಣ. ಕೊಲ್ಲಾಪುರವು 1972ರಲ್ಲಿ ಮಹಾನಗರಪಾಲಿಕೆಯಾಯಿತು. ಅಲ್ಲಿ ಕೊಳ್ಳುವವನು ಎತ್ತರವನ್ನಲ್ಲದೆ ತಗ್ಗನ್ನೂ ನೋಡಬೇಕು. ರಾಜಾರಾಮ ಬಂಧಾರದಲ್ಲಿ ಪಂಚಗಂಗೆಯ ಅಪಾಯದ ಗುರುತು 43 ಅಡಿ. 2019 ಮತ್ತು 2021ರ ಮಹಾಪೂರಗಳಲ್ಲಿ ನೀರು 55 ಅಡಿಯನ್ನೂ ಮೀರಿತು, ಶಾಹುಪುರಿಯ ಕೆಲವು ಗಲ್ಲಿಗಳಿಗೂ ನುಗ್ಗಿತು. ಏಳನೆಯ ಅಂತಸ್ತು ಒಣಗಿದ್ದರೂ ಲಿಫ್ಟಿನ ಯಂತ್ರ, ನೀರೆತ್ತುವ ಪಂಪು, ವಿದ್ಯುತ್ತಿನ ಮೀಟರುಗಳು ಕೆಳಗೇ ಇದ್ದರೆ ಮೇಲಿನವರ ಬದುಕೂ ನಿಲ್ಲುವದು. ಇಚಲಕರಂಜಿಯ ಕಥೆ ಬೇರೆ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ತಂದಂದಿನಿಂದ ಮಗ್ಗ ಮತ್ತು ಸಂಸಾರ ಅಕ್ಕಪಕ್ಕದಲ್ಲಿಯೇ ಬೆಳೆದವು. ಫ್ಲ್ಯಾಟಿನಲ್ಲಿ ಮಗ್ಗಕ್ಕೆ ಎಡೆಯಿಲ್ಲ. ಆದುದರಿಂದ ಅಲ್ಲಿ ಎತ್ತರದ ಮನೆಯೆಂದರೆ ಕೆಲಸದಿಂದ ಮನೆ ಬೇರೆಯಾಗುವದು. 2022ರಲ್ಲಿ ಮಹಾನಗರಪಾಲಿಕೆಯಾದ ಆ ಊರಿಗೆ ಕುಡಿಯುವ ನೀರಿನದು ಹಳೆಯ ಚಿಂತೆ. ಅಂತಸ್ತು ಏರಿದಷ್ಟೂ ನೀರಿನ ಪ್ರಶ್ನೆಯೂ ಏರುವದು. ಗಡಹಿಂಗ್ಲಜವು ಬಹುಮಟ್ಟಿಗೆ ಇನ್ನೂ ನೆಲಕ್ಕಂಟಿದ ಊರು. ಅಲ್ಲಿಯವರಿಗೆ ಉತಾರೆ ಓದುವದು ಬರುತ್ತದೆ, ಘೋಷಣಾಪತ್ರ ಓದುವದು ರೂಢಿಯಿಲ್ಲ.

ಇಲ್ಲಿಯೇ ಶಿಕ್ಷಕರ ಪಾತ್ರ ಬರುತ್ತದೆ. ನಮ್ಮ ಕನ್ನಡ ಶಾಲೆಗಳ ಪಾಲಕರು ಸಹಿ ಮಾಡುವ ಕಾಗದಗಳು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಮರಾಠಿಯನ್ನು ಆಡುವದರಲ್ಲಿ ಅವರು ಯಾರಿಗೂ ಕಡಿಮೆಯಲ್ಲ. ಆದರೆ ‘ಅಭಿಹಸ್ತಾಂತರಣ’ವೆಂಬ ಶಬ್ದವು ಸಂತೆಯ ಮಾತಿನಲ್ಲಿ ಬರುವಂಥದಲ್ಲ. ನೆಲದ ಹಕ್ಕನ್ನು ಸಂಘಕ್ಕೆ ವರ್ಗಾಯಿಸುವದೇ ಅದರ ಅರ್ಥ. ‘ಚಟಈ ಕ್ಷೇತ್ರ’ವೆಂದರೆ ಗೋಡೆಗಳ ಒಳಗೆ ಚಾಪೆ ಹಾಸಬಹುದಾದಷ್ಟು ಜಾಗ, ಮೆಟ್ಟಿಲು, ಲಿಫ್ಟುಗಳ ಜಾಗ ಅದರಲ್ಲಿ ಸೇರದು. ಈ ಎರಡು ಶಬ್ದಗಳನ್ನು ತಿಳಿದ ಹುಡುಗನು ತನ್ನ ತಂದೆಯ ಬಹುದೊಡ್ಡ ವ್ಯವಹಾರದಲ್ಲಿ ಅವರ ಪಕ್ಕದಲ್ಲಿ ಕೂಡ್ರಬಲ್ಲನು. ಲೆಕ್ಕದ ತಾಸಿಗೆ ಈ ಉದಾಹರಣೆಯು ತಕ್ಕದ್ದು: ಒಂದು ಗುಂಟೆಗೆ 1089 ಚದರ ಅಡಿ. 10 ಗುಂಟೆ ನೆಲದ ಮೇಲೆ ಸಮನಾದ 20 ಫ್ಲ್ಯಾಟುಗಳಿದ್ದರೆ ಒಬ್ಬೊಬ್ಬನ ಪಾಲಿನ ನೆಲವೆಷ್ಟು? 10,890ನ್ನು 20ರಿಂದ ಭಾಗಿಸಿದರೆ 544½ ಚದರ ಅಡಿ. ಏಳನೆಯ ಅಂತಸ್ತಿನವನಿಗೂ ನೆಲವಿದೆ. ಅದು ಕಣ್ಣಿಗೆ ಕಾಣದು, ಕಾಗದದಲ್ಲಿ ಕಾಣಬೇಕು.

ಆದುದರಿಂದ ನಡುಪೇಟೆಯಲ್ಲಿ ಮನೆ ಕೊಳ್ಳುವವರು ಕಿಟಕಿಯಿಂದ ಕಾಣುವ ನೋಟವನ್ನು ನೋಡುವ ಮುನ್ನ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡಿನಲ್ಲಿ ಯಾರ ಹೆಸರಿದೆಯೆಂದು ನೋಡಲಿ. ಸಂಘವಿದ್ದರೆ ಅದರ ವಾರ್ಷಿಕ ಸಭೆಯಲ್ಲಿ ಎಷ್ಟು ಜನ ಕೂಡುತ್ತಾರೆಂದು ವಿಚಾರಿಸಲಿ. 1915ರಲ್ಲಿ ಗಾಮದೇವಿಯ ಆ ಕಾರಕೂನರಿಗೆ ಕಾಯದೆಯ ಬೆಂಬಲ ಇಂದಿಗಿಂತ ಬಹಳ ಕಡಿಮೆಯಿತ್ತು. ಇದ್ದದ್ದು ಸಭೆಗೆ ಬರುವ ಅಭ್ಯಾಸ. ಇಂದು ಕಾಯದೆಗಳು ಸಾಕಷ್ಟಿವೆ. ಸಭೆಗೆ ಬರುವ ಅಭ್ಯಾಸವೊಂದು ಬೆಳೆದರೆ ಮುಗಿಲಿನಲ್ಲಿಯ ಮನೆಗೂ ನೆಲದ ಆಸರೆ ಸಿಗುವದರಲ್ಲಿ ಸಂಶಯವಿಲ್ಲ.