ವಿಶಾಖೆ, ಅನೂರಾಧೆಗಳ ಮಳೆ: ಬೆಂಗಳೂರಿನ ಪೂರ್ವದ ಬಯಲಿನಲ್ಲಿ ಹಿಂಗಾರಿನ ನಿರೀಕ್ಷೆ

ಬೆಂಗಳೂರಿನ ಚರಿತ್ರೆಯನ್ನು ಬರೆದವರು ಕೋಟೆ, ಪೇಟೆ, ದಂಡುಗಳ ವಿಷಯವನ್ನು ವಿಸ್ತಾರವಾಗಿ ಪ್ರಸ್ತಾಪಿಸಿದ್ದಾರೆ. ಊರಿನ ಪೂರ್ವಕ್ಕೆ, ಹಲಸೂರಿನಿಂದ ಕೃಷ್ಣರಾಜಪುರದವರೆಗೂ, ಅಲ್ಲಿಂದಾಚೆ ಹೊಸಕೋಟೆಯ ಕಡೆಗೂ ಹರಡಿದ್ದ ರಾಗಿಯ ಬಯಲಿನ ಒಕ್ಕಲು ಮಕ್ಕಳು ವರ್ಷದ ಕೊನೆಯ ಮಳೆಯನ್ನು ಹೇಗೆ ಎದುರುನೋಡುತ್ತಿದ್ದರೆಂಬುದು ಮಾತ್ರ ಅವರ ಗಮನವನ್ನು ಹೆಚ್ಚಾಗಿ ಸೆಳೆದಂತೆ ತೋರುವುದಿಲ್ಲ. ಬಿನ್ನಮಂಗಲದ ಹೊಲಗಳ ಮೇಲೆ ಇಂದು ಇಂದಿರಾನಗರವು ನಿಂತಿರುವುದರಿಂದ ಈ ಪ್ರಶ್ನೆಯೇ ಅಪ್ರಸ್ತುತವೆನ್ನುವವರೂ ಇರಬಹುದು. ಆದರೆ ನಗರಕ್ಕೆ ಅನ್ನವನ್ನೂ ನೀರನ್ನೂ ಒದಗಿಸಿದ ಬಯಲು ಯಾವ ಹವೆಯನ್ನು ಬಯಸಿತು, ಯಾವುದಕ್ಕೆ ಹೆದರಿತು ಎಂಬುದನ್ನು ಅರಿಯದೆ ಆ ನಗರದ ಚರಿತ್ರೆಯು ಪೂರ್ಣವಾಗದೆಂದು ನಾವು ಭಾವಿಸುತ್ತೇವೆ.

ಮೊದಲು ಇಲ್ಲಿಯ ಹವಾಗುಣದ ವಿಚಾರ. ಬೆಂಗಳೂರಿನ ವಾರ್ಷಿಕ ಮಳೆಯು ಸರಾಸರಿ 35ರಿಂದ 40 ಅಂಗುಲಗಳಷ್ಟು. ಅದರಲ್ಲಿ ಅತಿ ಹೆಚ್ಚಿನ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮಲೆನಾಡಿನವರಿಗೆ ಮಳೆಗಾಲವೆಂದರೆ ಜೂನ್, ಜುಲೈ. ಈ ಬಯಲಿನವರಿಗೆ ಆ ತಿಂಗಳುಗಳು ಬಹುಮಟ್ಟಿಗೆ ಗಾಳಿ, ಮೋಡ, ತುಂತುರುಗಳ ಕಾಲ. ನೈಋತ್ಯ ಮಾರುತವು ಹಿಂದೆಗೆಯತೊಡಗಿದ ಮೇಲೆ ಸಂಜೆಯ ಗುಡುಗುಮಳೆಗಳು ರಭಸವಾಗಿ ಬೀಳುತ್ತವೆ. ಅಕ್ಟೋಬರಿನ ಕೊನೆಗೆ ಗಾಳಿಯು ಈಶಾನ್ಯಕ್ಕೆ ತಿರುಗಿದ ತರುವಾಯ ಮಳೆಯು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವನ್ನು ಅವಲಂಬಿಸುತ್ತದೆ. ಮದರಾಸಿನ ಕರಾವಳಿಯಲ್ಲಿ ಬಿರುಗಾಳಿಯೆದ್ದರೆ ಕೃಷ್ಣರಾಜಪುರದಲ್ಲಿ ಎರಡು ಮೂರು ದಿನ ಸೂರ್ಯನು ಕಾಣದೆ ಸೋನೆ ಹಿಡಿಯುತ್ತದೆ. ಬೆಂಗಳೂರಿನ ಜನರು ಈ ಮಳೆಗೆ ‘ಸೈಕ್ಲೋನು’ ಎಂದೇ ಹೆಸರಿಟ್ಟುಕೊಂಡಿದ್ದಾರೆ. ಶಾಸ್ತ್ರಕ್ಕೆ ಒಪ್ಪದಿದ್ದರೂ ಮಳೆಯ ಮೂಲವನ್ನು ಈ ಮಾತು ಸರಿಯಾಗಿಯೇ ತಿಳಿಸುತ್ತದೆ.

ಇನ್ನು ಬೆಳೆಯ ವಿಚಾರ. ಜುಲೈ ತಿಂಗಳ ಸುಮಾರಿಗೆ ಬಿತ್ತಿದ ರಾಗಿಯು ಅಕ್ಟೋಬರಿನಲ್ಲಿ ತೆನೆಯಲ್ಲಿ ಹಾಲು ತುಂಬಿಕೊಳ್ಳುವಾಗ ಮಳೆಯನ್ನು ಬೇಡುತ್ತದೆ. ನವೆಂಬರಿನ ನಡುವೆ ಕೊಯ್ಲಿಗೆ ಬಂದಾಗ ಅದೇ ಮಳೆಯು ಅದಕ್ಕೆ ಶತ್ರು. ಕೊಯ್ದ ರಾಗಿಯನ್ನು ಹೊಲದಲ್ಲಿಯೇ ಕೆಲವು ದಿನ ಒಣಗಹಾಕಿ, ಕಂತೆ ಕಟ್ಟಿ, ಮೆದೆಯೊಟ್ಟಿ, ಸಂಕ್ರಾಂತಿಯ ಆಚೆ ಈಚೆ ಕಣ ಮಾಡುವುದು ಹಳೆಯ ಪದ್ಧತಿ. ಒಣಗಹಾಕಿದ ದಿನಗಳಲ್ಲಿ ಸೋನೆ ಹಿಡಿದರೆ ತೆನೆಯಲ್ಲಿಯೇ ಕಾಳು ಮೊಳೆಯುತ್ತದೆ, ಹುಲ್ಲು ಕಪ್ಪಾಗಿ ದನಗಳಿಗೂ ಬಾರದಂತಾಗುತ್ತದೆ. ರಾಗಿಯ ನಡುವೆ ಸಾಲಿಟ್ಟ ಅವರೆಗಾದರೋ ಆಗ ಬೇಕಾದುದು ಇಬ್ಬನಿ ಮತ್ತು ತಿಳಿಯಾದ ಆಕಾಶ. ಆದರೆ ಕೆರೆಯ ಕೆಳಗಿನ ಗದ್ದೆಯವನ ಲೆಕ್ಕವೇ ಬೇರೆ. ಮುಂಗಾರಿನ ನೀರನ್ನು ಒಣನೆಲವು ಕುಡಿದುಬಿಡುತ್ತದೆ. ನೆಲವು ನೆನೆದ ಮೇಲೆ ಬೀಳುವ ಹಿಂಗಾರಿನ ಜಡಿಮಳೆಯೇ ಕೆರೆಗೆ ಹರಿದುಬರುವುದು. ಹೀಗೆ ಒಂದೇ ಹದಿನೈದು ದಿನಗಳಲ್ಲಿ, ಒಂದೇ ಊರಿನಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ, ಮಳೆ ಬರಲೆಂಬ ಬಯಕೆಯೂ ಬಾರದಿರಲೆಂಬ ಬಯಕೆಯೂ ಕೂಡಿದ್ದವು. ನಮ್ಮ ವಿಷಯದ ತಿರುಳು ಇಲ್ಲಿದೆ.

ಕೆರೆಗಳ ಪ್ರಾಚೀನತೆಗೆ ಶಾಸನಗಳೇ ಸಾಕ್ಷಿ. ಕಾಡುಗೋಡಿಯ ಬಳಿಯ ಪಟ್ಟಂದೂರಿನಲ್ಲಿ ಕೆರೆಯನ್ನು ಕಟ್ಟಿಸಿದುದನ್ನು ಚೋಳರ ಕಾಲದ, 1043ರ ತಮಿಳು ಶಾಸನವು ತಿಳಿಸುತ್ತದೆ. ಹೊಯ್ಸಳ ಮೂರನೆಯ ಬಲ್ಲಾಳನ ಆಳ್ವಿಕೆಯ, 1307ರ ವಿಭೂತಿಪುರದ ಶಾಸನವು ಕಾಡನ್ನು ಕಡಿದು, ನೆಲವನ್ನು ಹಸನುಮಾಡಿ, ಕೆರೆ ಕಟ್ಟಿ ಊರು ಮಾಡಿದುದನ್ನು ಹೇಳುತ್ತದೆ. ನದಿಯಿಲ್ಲದ ಈ ಎತ್ತರದ ನೆಲದಲ್ಲಿ ಊರೊಂದು ಹುಟ್ಟಬೇಕಾದರೆ ಮೊದಲು ಕೆರೆ, ಕೆರೆಗೆ ಹಿಂಗಾರು. ಹಲಸೂರು ಕೆರೆಯ ಕೋಡಿಯ ನೀರು ಬೆಳ್ಳಂದೂರಿಗೂ, ಅಲ್ಲಿಂದ ವರ್ತೂರಿಗೂ, ಕೊನೆಗೆ ದಕ್ಷಿಣ ಪಿನಾಕಿನಿಗೂ ಸೇರುತ್ತಿದ್ದ ಸರಪಣಿಯಲ್ಲಿ ಮೇಲಿನ ಕೆರೆ ತುಂಬದಿದ್ದ ವರ್ಷ ಕೆಳಗಿನ ಕೆರೆಗೆ ಭರವಸೆಯು ಕಡಿಮೆ.

ಈ ಮಳೆಯನ್ನು ಮುಂಚಿತವಾಗಿ ಅರಿಯಲು ಜನರಿಗಿದ್ದ ಸಾಧನವು ಮಳೆನಕ್ಷತ್ರಗಳ ಎಣಿಕೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನಗಳಿರುವುದರಿಂದ ಮಳೆಗಾಲವು ಅಷ್ಟಷ್ಟು ದಿನಗಳ ತುಂಡುಗಳಾಗಿ ವಿಭಾಗವಾಗುತ್ತದೆ. ಈಚಿನ ವರ್ಷಗಳಲ್ಲಿ ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ, 24ರ ಸುಮಾರಿಗೆ ಸ್ವಾತಿ, ನವೆಂಬರ್ 6ರ ಸುಮಾರಿಗೆ ವಿಶಾಖೆ, 19ರ ಸುಮಾರಿಗೆ ಅನೂರಾಧೆ ಹುಟ್ಟುತ್ತವೆ. ಒಂದು ಹೊಲದಲ್ಲಿ ಸುರಿದು ಪಕ್ಕದ ಹೊಲವನ್ನು ಒಣಗಿಸುವ ಚಿತ್ತೆಗೆ ‘ಕುರುಡು ಚಿತ್ತೆ’ ಎಂಬ ಹೆಸರು ಬಂದಿರುವುದನ್ನು ನೋಡಿದರೆ ಸ್ಥಳೀಯವಾದ ಗುಡುಗುಮಳೆಯ ಸ್ವಭಾವವನ್ನು ನಮ್ಮ ರೈತರು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರೆಂಬುದು ವ್ಯಕ್ತವಾಗುತ್ತದೆ. ಪಂಡಿತ ಪರಂಪರೆಯಲ್ಲಿಯೂ ಈ ಶಾಸ್ತ್ರವು ಬೆಳೆದಿತ್ತು. ವರಾಹಮಿಹಿರನ ಬೃಹತ್ಸಂಹಿತೆಯು ಮೇಘಗಳು ಗರ್ಭಧರಿಸಿ 195 ದಿನಗಳ ತರುವಾಯ ಮಳೆಗರೆಯುತ್ತವೆಂಬ ಮತವನ್ನು ಪ್ರತಿಪಾದಿಸುತ್ತದೆ. ಕನ್ನಡದಲ್ಲಿ ಸುಮಾರು 1300ರಲ್ಲಿ ಜೈನ ಕವಿ ರಟ್ಟನು ಮಳೆ, ಮಿಂಚು, ಭೂಕಂಪ, ಶಕುನಗಳನ್ನು ಕುರಿತು ‘ರಟ್ಟಮತ’ವನ್ನು ರಚಿಸಿದನು.

ಇಲ್ಲಿ ವಿದ್ಯಾರ್ಥಿಗಳು ಎಚ್ಚರಿಕೆ ವಹಿಸಬೇಕಾದ ಒಂದಂಶವುಂಟು. ಅಯನಚಲನದ ಕಾರಣ ನಕ್ಷತ್ರಪ್ರವೇಶದ ದಿನವು ಋತುಮಾನಕ್ಕೆ ಹೋಲಿಸಿದರೆ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. ಆದುದರಿಂದ ರಟ್ಟನ ಕಾಲದ ವಿಶಾಖೆಯು ನಮ್ಮ ವಿಶಾಖೆಗಿಂತ ಋತುವಿನಲ್ಲಿ ಸುಮಾರು ಹತ್ತು ದಿನ ಮೊದಲೇ ಬರುತ್ತಿತ್ತು. ಹಳೆಯ ಗ್ರಂಥದ ಮಾತನ್ನು ಇಂದಿನ ಮಳೆಮಾಪಕದ ಅಂಕಿಗಳ ಪಕ್ಕದಲ್ಲಿಟ್ಟು ಅದು ನಿಜವೆಂದೋ ಸುಳ್ಳೆಂದೋ ತೀರ್ಪುಕೊಡುವವರು ಈ ಹತ್ತು ದಿನಗಳನ್ನು ಮರೆಯುತ್ತಾರೆ. ನಕ್ಷತ್ರಗಳ ಎಣಿಕೆಯನ್ನು ಮೂಢನಂಬಿಕೆಯೆಂದು ತಳ್ಳುವುದಾಗಲಿ, ಪ್ರಾಚೀನ ವಿಜ್ಞಾನವೆಂದು ಹೊಗಳುವುದಾಗಲಿ ನಮಗೆ ಸಮ್ಮತವಲ್ಲ. ಅದು ಪ್ರಧಾನವಾಗಿ ಕೆಲಸಗಳ ಪಟ್ಟಿ. ಯಾವ ಮಳೆಗೆ ಹುರುಳಿ ಚೆಲ್ಲಬೇಕು, ಯಾವ ಮಳೆಯ ತರುವಾಯ ಕುಡುಗೋಲು ಹಿಡಿಯಬೇಕು ಎಂಬುದನ್ನು ನೆನಪಿನಲ್ಲಿಡುವ ಉಪಾಯ. ಬರುವ ವಾರ ಮಳೆಯುಂಟೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು.

1809ರ ಸುಮಾರಿಗೆ ಇಂಗ್ಲಿಷರ ದಂಡು ಹಲಸೂರಿನ ಬಳಿ ನೆಲೆಸಿದ ಮೇಲೆ ಮೂರನೆಯ ಬಯಕೆಯೊಂದು ಸೇರಿತು. ದಂಡಿನ ಕುದುರೆಗಳಿಗೆ ಹುರುಳಿ ಬೇಕು, ಸಿಪಾಯಿಗಳಿಗೂ ಅವರನ್ನು ಹಿಂಬಾಲಿಸಿ ಬಂದ ವರ್ತಕರಿಗೂ ಕುಡಿಯುವ ನೀರು ಬೇಕು. ಹುರುಳಿಯು ಹಿಂಗಾರಿನ ಬೆಳೆ. ನೀರು ಹಲಸೂರಿನ ಕೆರೆಯದು. 1873ರಲ್ಲಿ ಮಿಲ್ಲರ್ಸ್ ಕೆರೆಗಳನ್ನು ಕಟ್ಟಿದುದು ಈ ನೀರಿನ ಕೊರತೆಯನ್ನು ನೀಗಿಸಲೆಂದೇ.

ಅನತಿಕಾಲದಲ್ಲಿಯೇ ಧಾತು, ಈಶ್ವರ ಸಂವತ್ಸರಗಳ ಬರವು ಬಂದಿತು. 1875ರಲ್ಲಿ ಮಳೆಯು ಕುಂದಿತ್ತು. 1876ರಲ್ಲಿ ಮುಂಗಾರಿನೊಡನೆ ಹಿಂಗಾರೂ ಕೈಕೊಟ್ಟಿತು. ರಾಗಿಗೆ ಹಾಲು ತುಂಬಲಿಲ್ಲ, ಕೆರೆಗಳಿಗೆ ನೀರು ಬರಲಿಲ್ಲ. 1864ರಲ್ಲಿ ತೆರೆದಿದ್ದ ದಂಡಿನ ರೈಲ್ವೆ ನಿಲ್ದಾಣಕ್ಕೆ ಮದರಾಸಿನಿಂದ ಧಾನ್ಯವೇನೋ ಬಂದಿತು, ಆದರೆ ಕೊಳ್ಳಲು ಹಳ್ಳಿಗರ ಕೈಯಲ್ಲಿ ಹಣವಿರಲಿಲ್ಲ. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಒಂದು ವರ್ಷದ ಚಿತ್ತೆ, ಸ್ವಾತಿಗಳು ಬಾರದಿದ್ದರೆ ಏನಾಗುವುದೆಂಬುದಕ್ಕೆ ಈ ಎರಡು ಅಂಕಿಗಳಿಗಿಂತ ಹೆಚ್ಚಿನ ವ್ಯಾಖ್ಯಾನವು ಬೇಕಿಲ್ಲ.

ಭಾರತದ ಹವಾಮಾನ ಇಲಾಖೆಯು ಹುಟ್ಟಿದುದು 1875ರಲ್ಲಿ. ಅದರ ಮೊದಲ ಅಧಿಕಾರಿ ಹೆನ್ರಿ ಬ್ಲಾನ್‌ಫರ್ಡ್ 1886ರಲ್ಲಿ ಪ್ರಕಟಿಸಿದ ಋತುಮುನ್ಸೂಚನೆಯು ನೈಋತ್ಯ ಮಾರುತಕ್ಕೆ ಸಂಬಂಧಿಸಿದುದು. ಕೊಲ್ಲಿಯ ಬಿರುಗಾಳಿಯ ಎಚ್ಚರಿಕೆಯು ಅದಕ್ಕೂ ಮೊದಲು, 1865ರಲ್ಲಿ, ಕಲ್ಕತ್ತೆಯ ಬಂದರಿನ ಹಡಗುಗಳಿಗಾಗಿ ಆರಂಭವಾಗಿತ್ತು. ನಮ್ಮ ಬಯಲಿನ ಕೊಯ್ಲಿಗೆ ಅತ್ಯಂತ ಉಪಯುಕ್ತವಾದ ವರ್ತಮಾನವು ಹೀಗೆ ಬಹುಕಾಲ ನಾವಿಕರ ಸೊತ್ತಾಗಿತ್ತು. ಮೈಸೂರು ಸರ್ಕಾರವು 1890ರ ದಶಕದ ಮೊದಲಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ನೇತೃತ್ವದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳನ್ನು ಸ್ಥಾಪಿಸಿದುದು ಶ್ಲಾಘ್ಯವಾದ ಕಾರ್ಯ. ಆದರೆ ಮಳೆಮಾಪಕವು ಎಷ್ಟು ಬಿದ್ದಿತೆಂಬುದನ್ನು ಅಳೆಯುತ್ತದೆ. ರಾಗಿ ಕೊಯ್ಯುವವನು ಕೇಳುವುದು ಎಷ್ಟು ದಿನ ಬೀಳದಿರುವುದೆಂಬುದನ್ನು. ನವೆಂಬರಿನ ಮೂರು ಅಂಗುಲಗಳು ಒಂದೇ ಇರುಳಿನಲ್ಲಿ ಬಿದ್ದು ಹೋದರೆ ಬದುಕಬಹುದು. ಹತ್ತು ದಿನ ತೊಟ್ಟಿಕ್ಕಿದರೆ ಬೆಳೆಯುಳಿಯದು. ತಿಂಗಳ ಮೊತ್ತದ ಪಟ್ಟಿಯಲ್ಲಿ ಈ ಎರಡೂ ಒಂದೇ ಅಂಕಿ.

ದಂಡಿನ ದೃಷ್ಟಿ ಈ ವೇಳೆಗೆ ಬಯಲಿನಿಂದ ಬೇರೆಯಾಯಿತು. 1896ರಲ್ಲಿ ಹೆಸರುಘಟ್ಟದ ನೀರು, ಅದು ಸೊರಗಿದ ಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಪಶ್ಚಿಮದ ಅರ್ಕಾವತಿಯಿಂದ ಬಂದಿತು. ಹಲಸೂರಿನ ಕೆರೆಯು ಕೋಡಿ ಬಿದ್ದರೆಷ್ಟು, ಬಿಡದಿದ್ದರೆಷ್ಟು ಎಂಬ ಸ್ಥಿತಿ ದಂಡಿನವರಿಗೆ ಒದಗಿತು. ವರ್ತೂರಿನ ಗದ್ದೆಯವರಿಗೆ ಒದಗಲಿಲ್ಲ.

1945ರಿಂದ ಆಕಾಶವಾಣಿಯಲ್ಲಿ ರೈತರಿಗೆಂದೇ ಹವಾವರದಿಯು ದೇಶಭಾಷೆಗಳಲ್ಲಿ ಪ್ರಸಾರವಾಗತೊಡಗಿತು. 1988ರಲ್ಲಿ ಕರ್ನಾಟಕವು ಬರ ಪರಿಶೀಲನೆಗೆ ಪ್ರತ್ಯೇಕ ಕೇಂದ್ರವನ್ನು ತೆರೆಯಿತು. ಪೆಸಿಫಿಕ್ ಸಾಗರವು ಕಾಯುವ ಎಲ್‌ ನಿನೊ ವರ್ಷಗಳಲ್ಲಿ ಮುಂಗಾರು ಕುಂದಿದರೂ ದಕ್ಷಿಣದ ಹಿಂಗಾರು ಹೆಚ್ಚುವ ಸಂಭವವುಂಟೆಂಬುದು ಈಗ ತಿಳಿದಿದೆ. 2015ರ ನವೆಂಬರ್ ಇದಕ್ಕೆ ನಿದರ್ಶನ. 2021ರ ನವೆಂಬರ್ 11ರಂದೂ 19ರಂದೂ ಎರಡು ವಾಯುಭಾರ ಕುಸಿತಗಳು ಚೆನ್ನೈಯ ಬಳಿ ದಡವನ್ನು ದಾಟಿದುವು. ವಿಶಾಖೆ ಮುಗಿದು ಅನೂರಾಧೆ ಹುಟ್ಟುವ ಕಾಲವದು. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೆರೆಗಳು ಕೋಡಿ ಹರಿದುವು, ಮಾಗಿದ ರಾಗಿಯು ನೆಲಕ್ಕೊರಗಿ ತೆನೆಯಲ್ಲಿಯೇ ಮೊಳೆಯಿತು. ಕುಡುಗೋಲಿನ ಆಳು ಸಿಗದೆ ಹಲವರು ಈಗ ಕೊಯ್ಲಿನ ಯಂತ್ರವನ್ನು ಕರೆಸುತ್ತಾರೆ. ಯಂತ್ರವು ಅಂದೇ ಕೊಯ್ದು ಅಂದೇ ಒಕ್ಕಿ ಕೊಡುವುದರಿಂದ ಹೊಲದಲ್ಲಿ ಒಣಗಹಾಕುವ ದಿನಗಳೂ, ಮೆದೆಯೂ, ಕಣವೂ ಇಲ್ಲವಾಗುತ್ತಿವೆ. ಆದರೆ ನೆಲಕ್ಕೊರಗಿದ ರಾಗಿಯನ್ನು ಆ ಯಂತ್ರವು ಸರಿಯಾಗಿ ಕೊಯ್ಯಲಾರದು. ಕೆಸರಾದ ಹೊಲಕ್ಕೆ ಅದು ಇಳಿಯಲೂ ಆಗದು.