ಹತ್ತು ಸೆಂಟ್ಸಿನ ಅರ್ಜಿ: ಕಾಸರಗೋಡಿನ ಕುಡಿಕಿಡಪ್ಪು ಹಕ್ಕು

ಕಾಸರಗೋಡಿನ ಇತಿಹಾಸವನ್ನು ಕನ್ನಡದಲ್ಲಿ ಬರೆದವರು ಎರಡು ಇಸವಿಗಳನ್ನು ಮರೆತದ್ದಿಲ್ಲ. ಒಂದು 1956, ದಕ್ಷಿಣ ಕನ್ನಡ ಜಿಲ್ಲೆಯ ಈ ತೆಂಕಣ ತಾಲೂಕು ಕೇರಳದ ಪಾಲಾದ ವರ್ಷ. ಇನ್ನೊಂದು 1967, ಚಂದ್ರಗಿರಿ ಮತ್ತು ಪಯಸ್ವಿನಿ ಹೊಳೆಗಳ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ ಶಿಫಾರಸು ಮಾಡಿದ ವರ್ಷ. ಅದೇ ನೆಲಕ್ಕೆ ಸಂಬಂಧಿಸಿದ ಮೂರನೆಯ ದಿನಾಂಕವೊಂದು ಈ ಬರಹಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಅದು 1970ರ ಜನವರಿ 1. ಕೇರಳ ಭೂಸುಧಾರಣಾ ಕಾಯ್ದೆಯ 1969ರ ತಿದ್ದುಪಡಿ ಜಾರಿಗೆ ಬಂದದ್ದು ಅಂದು. ಪರರ ತೋಟದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯಾಳು, ತಾನು ಮಲಗೇಳುವ ನೆಲವನ್ನು ತನ್ನ ಹೆಸರಿಗೆ ಕೊಂಡುಕೊಳ್ಳಲು ಅರ್ಜಿ ಹಾಕುವ ಪೂರ್ಣ ಅವಕಾಶ ಅಲ್ಲಿಂದ ತೆರೆಯಿತು. ಅಂಥ ಎಷ್ಟೋ ಮನೆತನಗಳು ಮೊದಲ ಬಾರಿಗೆ ನೆಲದ ಒಡೆತನ ಕಂಡದ್ದು ಈ ಅರ್ಜಿಯ ಮೂಲಕ.

ಕಾಯ್ದೆ ಇಂಥವನನ್ನು ಕರೆದದ್ದು ‘ಕುಡಿಕಿಡಪ್ಪುಕಾರ’ ಎಂದು. ಮಲಯಾಳದಲ್ಲಿ ‘ಕುಡಿ’ ಎಂದರೆ ಮನೆ, ‘ಕಿಡಪ್ಪು’ ಎಂದರೆ ಮಲಗಿರುವುದು, ತಂಗಿರುವುದು. ಕನ್ನಡದ ಗುಡಿ, ಗುಡಿಸಲುಗಳೂ ಇದೇ ದ್ರಾವಿಡ ಮೂಲದವು. ಹಾಗಿದ್ದರೂ ಕಾನೂನಿನ ಈ ಪದಕ್ಕೆ ಕನ್ನಡದಲ್ಲಿ ಸಮನಾದ ಶಬ್ದ ಹುಟ್ಟಲಿಲ್ಲ. ‘ಒಕ್ಕಲು’ ಎಂದರೆ ಗೇಣಿದಾರನ ಅರ್ಥ ಬರುತ್ತದೆ. ಕುಡಿಕಿಡಪ್ಪುಕಾರನಿಗೆ ಗೇಣಿಯ ಭೂಮಿಯೂ ಇರಲಿಲ್ಲ. ಮದರಾಸು ಆಡಳಿತದ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿಗಳಿಗೆ ಚೀಟಿಯೋ ಲೆಕ್ಕವೋ ಇರುತ್ತಿತ್ತು. ಗುಡಿಸಲಿಗೆ ಇದ್ದದ್ದು ಧಣಿಯ ಬಾಯಿಮಾತಿನ ಒಪ್ಪಿಗೆಯೊಂದೇ. ಕೆಲಸ ಬಿಟ್ಟರೆ ಗುಡಿಸಲನ್ನೂ ಬಿಡಬೇಕು.

ಆ ಭಯಕ್ಕೆ ಮೊದಲ ತಡೆ ಬಿದ್ದದ್ದು 1957ರ ಏಪ್ರಿಲಿನಲ್ಲಿ. ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡ ಒಂದೇ ವಾರದೊಳಗೆ ಒಕ್ಕಲೆಬ್ಬಿಸುವುದನ್ನು ನಿಲ್ಲಿಸುವ ಸುಗ್ರೀವಾಜ್ಞೆ ಹೊರಟಿತು. ಅದರ ರಕ್ಷಣೆ ಗುಡಿಸಲಿನವರಿಗೂ ಸಿಕ್ಕಿತು. ಅದರ ಬೆನ್ನಿಗೆ ಬಂದ ಕೃಷಿ ಸಂಬಂಧ ಕಾಯ್ದೆಗೆ ಎದುರಾದ ದೊಡ್ಡ ಅಡ್ಡಿ ಹುಟ್ಟಿದ್ದು ಕಾಸರಗೋಡಿನ ಮಣ್ಣಿನಿಂದಲೇ. 1961ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಕರಿಂಬಿಲ್ ಕುಂಞಿಕೋಮನ್ ಪ್ರಕರಣದ ಭೂಮಿಗಳು ಕಾಸರಗೋಡು ಮತ್ತು ಹೊಸದುರ್ಗ ತಾಲೂಕುಗಳವು. ಇವು ಮದರಾಸಿನಿಂದ ಬಂದ ರೈತವಾರಿ ಭೂಮಿಗಳು. ಸಂವಿಧಾನದ 31ಎ ವಿಧಿಯು ಹೇಳುವ ‘ಎಸ್ಟೇಟ್’ ಎಂಬ ಮಾತಿಗೆ ಒಳಪಡುವುದಿಲ್ಲ. ಆದ್ದರಿಂದ ಕಾಯ್ದೆಗೆ ಆ ವಿಧಿಯ ಆಸರೆಯಿಲ್ಲ ಎಂದು ನ್ಯಾಯಾಲಯ ಹೇಳಿ, ಈ ಭೂಮಿಗಳ ಮಟ್ಟಿಗೆ ಕಾಯ್ದೆಯನ್ನು ಅಸಿಂಧುಗೊಳಿಸಿತು. ಗಡಿ ಬದಲಾಗಿ ಐದು ವರ್ಷ ಕಳೆದರೂ ನೆಲ ತನ್ನ ಹಳೆಯ ಜಿಲ್ಲೆಯ ಗುರುತನ್ನು ಬಿಟ್ಟಿರಲಿಲ್ಲ. ಭಾಷೆಯ ಚರ್ಚೆಯಲ್ಲಿ ಕನ್ನಡಿಗರು ಎತ್ತಿ ಹೇಳುತ್ತಿದ್ದ ಅದೇ ದಕ್ಷಿಣ ಕನ್ನಡದ ಪೂರ್ವೇತಿಹಾಸ, ಇಲ್ಲಿ ಗುಡಿಸಲಿನವನ ಹಕ್ಕಿಗೆ ಅಡ್ಡ ನಿಂತಿತು. ಗಡಿನಾಡಿನ ಇತಿಹಾಸಕಾರ ಈ ಇಕ್ಕಟ್ಟನ್ನು ದಾಟಿ ಹೋಗುವಂತಿಲ್ಲ. 1964ರಲ್ಲಿ ಸಂವಿಧಾನದ 17ನೆಯ ತಿದ್ದುಪಡಿ ರೈತವಾರಿ ಭೂಮಿಯನ್ನೂ ‘ಎಸ್ಟೇಟ್’ ಪದದೊಳಗೆ ತಂದಿತು; 1963ರ ಕೇರಳ ಭೂಸುಧಾರಣಾ ಕಾಯ್ದೆಗೆ ಒಂಬತ್ತನೆಯ ಅನುಸೂಚಿಯಲ್ಲಿ ಸ್ಥಾನ ದೊರೆಯಿತು.

1969ರ ತಿದ್ದುಪಡಿಯ ಶರತ್ತುಗಳನ್ನು ಇಂದು ಓದಿದರೆ, ಅದು ಮೊದಲ ಮನೆ ಕೊಳ್ಳುವವನಿಗಾಗಿ ರೂಪಿಸಿದ ಯೋಜನೆಯಂತೆಯೇ ಕಾಣುತ್ತದೆ. ಪಂಚಾಯಿತಿ ಪ್ರದೇಶದಲ್ಲಿ 10 ಸೆಂಟ್ಸ್, ಸಣ್ಣ ನಗರಸಭೆಯಲ್ಲಿ 5, ಮಹಾನಗರ ಮತ್ತು ದೊಡ್ಡ ನಗರಸಭೆಯಲ್ಲಿ 3 ಸೆಂಟ್ಸ್ ನೆಲವನ್ನು ಗುಡಿಸಲಿನೊಂದಿಗೆ ಕೊಳ್ಳಬಹುದು. ಬೆಲೆ ಮಾರುಕಟ್ಟೆ ದರದ ಕಾಲು ಭಾಗ. ಭೂಮಾಲೀಕನಲ್ಲಿ ಮಿತಿಗಿಂತ ಹೆಚ್ಚಿನ ಭೂಮಿ ಇದ್ದರೆ ಅದರಲ್ಲೂ ಅರ್ಧ. ಹೀಗೆ ಗೊತ್ತಾದ ಬೆಲೆಯಲ್ಲಿ ಅರ್ಧವನ್ನು ಸರ್ಕಾರದ ನಿಧಿ ಭರಿಸುತ್ತದೆ. ಉಳಿದದ್ದನ್ನು 12 ವಾರ್ಷಿಕ ಕಂತುಗಳಲ್ಲಿ ತೀರಿಸಬಹುದು. ಲ್ಯಾಂಡ್ ಟ್ರಿಬ್ಯೂನಲ್ ವಿಚಾರಣೆ ನಡೆಸಿ ಕ್ರಯ ಪ್ರಮಾಣಪತ್ರ ಕೊಡುತ್ತದೆ. ಧಣಿಗೂ ಒಂದು ದಾರಿ ಉಳಿದಿತ್ತು: ತನಗೆ ನಿಜವಾಗಿ ಆ ಜಾಗ ಬೇಕಿದ್ದರೆ, ಒಂದು ಮೈಲಿಯೊಳಗೆ ಮನೆ ಕಟ್ಟಲು ಯೋಗ್ಯವಾದ ಬೇರೆ ನೆಲವನ್ನೂ ಸ್ಥಳಾಂತರದ ವೆಚ್ಚವನ್ನೂ ಕೊಟ್ಟು ಗುಡಿಸಲನ್ನು ಸರಿಸಲು ಕೇಳಬಹುದು. ಅಡಕೆ ತೋಟದ ನೀರಿನ ಪಕ್ಕದಿಂದ ಗುಡ್ಡದ ಮುರಕಲ್ಲಿನ ಮೇಲಕ್ಕೆ ಹೋಗಬೇಕಾದವನಿಗೆ ಒಂದು ಮೈಲಿ ಅಲ್ಪ ದೂರವೇನಲ್ಲ.

ಇವೆಲ್ಲ ಸರ್ಕಾರದ ಕೃಪೆಯಿಂದಷ್ಟೇ ಬಂದವೆಂದು ತಿಳಿಯಬಾರದು. 1969ರ ಡಿಸೆಂಬರಿನಲ್ಲಿ ಆಲಪ್ಪುಳದಲ್ಲಿ ಸೇರಿದ ರೈತ ಮತ್ತು ಕೃಷಿಕಾರ್ಮಿಕರ ಸಮಾವೇಶ, ಗುಡಿಸಲಿನವರು ತಮ್ಮ ಹತ್ತು ಸೆಂಟ್ಸಿಗೆ ತಾವೇ ಬೇಲಿ ಹಾಕಿಕೊಳ್ಳಬೇಕೆಂದು ಕರೆಕೊಟ್ಟಿತ್ತು. ಎಷ್ಟೋ ಕಡೆ ಮೊದಲು ಬೇಲಿ ಬಂತು, ಅರ್ಜಿ ಆಮೇಲೆ ಬಂತು.

ಅರ್ಜಿಯ ಕಷ್ಟ ಬೆಲೆಯಲ್ಲಿರಲಿಲ್ಲ, ರುಜುವಾತಿನಲ್ಲಿತ್ತು. ಕುಡಿಕಿಡಪ್ಪುಕಾರನೆನಿಸಲು ಬೇರೆಲ್ಲೂ ಮನೆಯಿರಬಾರದು. ಮನೆ ಕಟ್ಟಬಹುದಾದ ನೆಲವೂ ಮೇಲೆ ಹೇಳಿದ ಅಳತೆಗಿಂತ ಹೆಚ್ಚಿರಬಾರದು. ಧಣಿ ಕಟ್ಟಿಕೊಟ್ಟ ಗುಡಿಸಲಾದರೆ, ಕಟ್ಟುವಾಗ ಅದಕ್ಕೆ ತಗಲಿದ ವೆಚ್ಚ 750 ರೂಪಾಯಿ ಮೀರಿರಬಾರದು ಅಥವಾ ಆಗ ಅದಕ್ಕೆ ಬರಬಹುದಾಗಿದ್ದ ಬಾಡಿಗೆ ತಿಂಗಳಿಗೆ 5 ರೂಪಾಯಿ ದಾಟಿರಬಾರದು. ಸೋಗೆಯ ಮಾಡಿಗೆ ಲೆಕ್ಕ ಇಟ್ಟವರು ಯಾರು? ಧಣಿಯ ಒಪ್ಪಿಗೆ ಇತ್ತೆಂದು ತೋರಿಸುವುದಾದರೂ ಹೇಗೆ? ಈ ತೊಡಕನ್ನು ಶಾಸಕಾಂಗವೂ ಕಂಡುಕೊಂಡಿತು. 1972ರ ತಿದ್ದುಪಡಿಯ ಪ್ರಕಾರ 1968ರ ಆಗಸ್ಟ್ 16ರಂದು ಗುಡಿಸಲಿನಲ್ಲಿದ್ದು 1970ರ ಜನವರಿ 1ರವರೆಗೂ ಅಲ್ಲೇ ಮುಂದುವರಿದವನನ್ನು ಕುಡಿಕಿಡಪ್ಪುಕಾರನೆಂದೇ ಭಾವಿಸಬೇಕಾಯಿತು. ಪ್ರಶ್ನೆ ಒಪ್ಪಿಗೆಯಿಂದ ವಾಸಕ್ಕೆ ಸರಿಯಿತು. ಸ್ಥಳೀಯ ಸಂಸ್ಥೆ ಇಡಬೇಕಾಗಿದ್ದ ಕುಡಿಕಿಡಪ್ಪುಕಾರರ ದಾಖಲೆ ಪುಸ್ತಕದಲ್ಲಿ ಹೆಸರಿದ್ದವನಿಗೆ ದಾರಿ ಸಲೀಸು. ಇಲ್ಲದವನು ನೆರೆಯವರ ಸಾಕ್ಷ್ಯವನ್ನು ನೆಚ್ಚಬೇಕು. ಆ ನೆರೆಯವರು ಅದೇ ಧಣಿಯ ಆಳುಗಳಾಗಿದ್ದರೆ ಸಾಕ್ಷ್ಯದ ಬೆಲೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇದರ ಮೇಲೆ ಭಾಷೆಯ ಪದರವೊಂದಿತ್ತು. ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಟಿಯೋ ಆಡುವ ಅರ್ಜಿದಾರ, 1956ಕ್ಕಿಂತ ಹಿಂದಿನ ಭೂದಾಖಲೆ ಕನ್ನಡದಲ್ಲಿ, ಕಾಯ್ದೆ ಇಂಗ್ಲಿಷಿನಲ್ಲಿ, ಕಚೇರಿಯ ವ್ಯವಹಾರ ಮೆಲ್ಲಮೆಲ್ಲನೆ ಮಲಯಾಳಕ್ಕೆ ತಿರುಗುತ್ತಿತ್ತು. ಭೂಮಿಯ ತಿದ್ದುಪಡಿ ಬಂದ 1969ರ ಹೆಸರಿನಲ್ಲೇ ಕೇರಳದ ಅಧಿಕೃತ ಭಾಷಾ ಕಾಯ್ದೆಯೂ ಇದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆಯೂ, ತಾವು ಹೆಚ್ಚಾಗಿ ವಾಸಿಸುವ ಪ್ರದೇಶದ ಸ್ಥಳೀಯ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ ಅದರ 3ನೆಯ ಪ್ರಕರಣ. ಈ ಎರಡು ಕಾಯ್ದೆಗಳನ್ನು ವಿದ್ವಾಂಸರು ಬೇರೆಬೇರೆ ಕಪಾಟುಗಳಲ್ಲಿಟ್ಟು ಓದಿದ್ದಾರೆ. ಒಂದು ಭೂಸುಧಾರಣೆಯದು, ಇನ್ನೊಂದು ಭಾಷಾ ಹಕ್ಕಿನದು. ಅರ್ಜಿದಾರನ ಕೈಯಲ್ಲಿ ಅವೆರಡೂ ಒಂದೇ ಕಾಗದ. ಭಾಷಾ ಹಕ್ಕಿನ ಚರ್ಚೆ ಬಹುಮಟ್ಟಿಗೆ ಶಾಲೆ, ಪಠ್ಯಪುಸ್ತಕ, ನೇಮಕಾತಿಗಳ ಸುತ್ತ ಬೆಳೆಯಿತು. ನೆಲದ ಅರ್ಜಿಯನ್ನೂ ಅದರೊಳಗೆ ಎಣಿಸಿದ್ದರೆ ಅದರ ಸಾಮಾಜಿಕ ತಳಹದಿ ಇನ್ನಷ್ಟು ಅಗಲವಾಗುತ್ತಿತ್ತು.

ಗಡಿಯ ಆಚೆ, ಬಂಟ್ವಾಳ ಪುತ್ತೂರುಗಳಲ್ಲಿ, ಪರರ ಜಮೀನಿನಲ್ಲಿ ಮನೆ ಮಾಡಿಕೊಂಡ ಕೃಷಿಕಾರ್ಮಿಕರು ಇಂಥ ಹಕ್ಕಿಗಾಗಿ ನೆಚ್ಚಿದ್ದು ಕರ್ನಾಟಕ ಭೂಸುಧಾರಣಾ ಕಾಯ್ದೆಯ 38ನೆಯ ಪ್ರಕರಣವನ್ನು. 1974ರ ದೊಡ್ಡ ತಿದ್ದುಪಡಿಯ ನಂತರ ‘ಡಿಕ್ಲರೇಶನ್’ ಎಂಬ ಮಾತು ಅಲ್ಲಿ ಮನೆಮಾತಾಯಿತು. ಗುಡಿಸಲ ನೆಲವೂ ಇಲ್ಲದವರಿಗಾಗಿ ಕೇರಳದಲ್ಲಿ 1972ರಲ್ಲಿ ಸಿ. ಅಚ್ಯುತ ಮೇನೋನ್ ಸರ್ಕಾರದ ವಸತಿ ಸಚಿವ ಎಂ. ಎನ್. ಗೋವಿಂದನ್ ನಾಯರ್ ಲಕ್ಷ ಮನೆಗಳ ಯೋಜನೆ ತಂದರು. ಪಂಚಾಯಿತಿಗೆ 100 ಮನೆಗಳ ಗುರಿ. ಲಕ್ಷದ ಸಂಖ್ಯೆ ಮುಟ್ಟಲಿಲ್ಲ. ಒಂದು ಗೋಡೆಗೆ ಎರಡು ಕುಟುಂಬಗಳು ಬೆನ್ನು ಕೊಟ್ಟ ಆ ಜೋಡಿ ಮನೆಗಳು ‘ಲಕ್ಷಂವೀಡು’ ಎಂಬ ಹೆಸರಿನಿಂದ ಊರಿನ ವಿಳಾಸಗಳಲ್ಲಿ ಉಳಿದುಕೊಂಡವು.

2016ರ ನಂತರದ ಲೈಫ್ ಮಿಷನ್ ಈ ಸಾಲಿನ ಇತ್ತೀಚಿನ ಯೋಜನೆ. ಸಾಮಾನ್ಯವಾಗಿ ಮನೆಗೆ 4 ಲಕ್ಷ ರೂಪಾಯಿ. ಒಂದು ರೇಷನ್ ಕಾರ್ಡಿನಲ್ಲಿರುವವರೆಲ್ಲ ಒಂದೇ ಕುಟುಂಬ. ಅವರಲ್ಲಿ ಯಾರ ಹೆಸರಿನಲ್ಲೂ ಮನೆಯಿರಬಾರದು. ಇಲ್ಲದಿರುವುದನ್ನು ರುಜುವಾತು ಮಾಡಬೇಕೆಂಬ 1970ರ ನಿಯಮವೇ ಇಲ್ಲಿ ಕಾರ್ಡಿನ ರೂಪ ತಾಳಿದೆ. ಅಜ್ಜನ ಹತ್ತು ಸೆಂಟ್ಸಿನಲ್ಲಿ ಮೂರು ಒಲೆ ಉರಿಯುತ್ತಿದ್ದರೂ ಕಾರ್ಡು ಒಂದೇ ಆಗಿದ್ದರೆ ಕಾಗದದ ಮೇಲೆ ಅದು ಮನೆಯಿರುವ ಒಂದೇ ಕುಟುಂಬ. ಬೇರೆ ಕಾರ್ಡು ಮಾಡಿಸಿಕೊಂಡ ಮೊಮ್ಮಗ ಭೂಮಿಯಿರುವ ವಸತಿಹೀನನೆಂದು ಅರ್ಜಿ ಹಾಕಬೇಕಾದರೆ ತನ್ನ ಪಾಲಿನ ನೆಲದ ದಾಖಲೆ ತೋರಿಸಬೇಕು. ಟ್ರಿಬ್ಯೂನಲ್ ಕೊಟ್ಟ ಕ್ರಯ ಪ್ರಮಾಣಪತ್ರವಿರುವುದು ಅಜ್ಜನ ಹೆಸರಿನಲ್ಲಿ. ಅದರಿಂದ ಪಾಲುಪಟ್ಟಿ, ಪಾಲುಪಟ್ಟಿಯಿಂದ ಭೂತೆರಿಗೆಯ ರಸೀದಿ, ಅಲ್ಲಿಂದ ಗ್ರಾಮ ಕಚೇರಿಯ ಸ್ವಾಧೀನ ಪ್ರಮಾಣಪತ್ರ. ಈ ನಾಲ್ಕರಲ್ಲೂ, ಮೂರು ಲಿಪಿಗಳನ್ನು ದಾಟಿ ಬಂದ ಆ ಅಜ್ಜನ ಹೆಸರು ಒಂದೇ ಆಗಿರಬೇಕು.